ಇಳಿಯುವ ದಾರಿಗೆ ತಕ್ಕ ಬ್ರೇಕು, ಬ್ರೇಕಿಗೆ ತಕ್ಕ ಫ್ರೇಮು

ಹೋದ ವರ್ಷ ಪುನರ್ವಸು ಮಳೆ ಹಿಡಿದಿದ್ದ ಒಂದು ಭಾನುವಾರ ಮುಳ್ಳಯ್ಯನಗಿರಿಯಿಂದ ಸೈಕಲ್ಲಿನಲ್ಲಿ ಇಳಿದು ಬರುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಚಿಕ್ಕಮಗಳೂರು ಬಿಡುವಾಗ ಹೊಳವಾಗಿತ್ತು. ಸೀತಾಳಯ್ಯನಗಿರಿ ದಾಟುವ ಹೊತ್ತಿಗೆ ಮಂಜು ಕವಿಯಿತು. ಮೆಟ್ಟಿಲ ಬುಡದಲ್ಲಿ ಸೈಕಲ್ ತಿರುಗಿಸುವಷ್ಟರಲ್ಲಿ ಮಳೆ ಜೋರೇ ಆಯಿತು. ಆ ದಾರಿಯನ್ನು ಎಂಟು ವರ್ಷದಿಂದ ಹತ್ತಿ ಇಳಿದವಳು ನಾನು, ಪ್ರತಿ ತಿರುವೂ ಗೊತ್ತು. ಆದರೆ ಅವತ್ತು ಕೈಮರ ಅನ್ನುವ ಜಾಗಕ್ಕೆ ಇನ್ನೂ ಎರಡು ಮೂರು ತಿರುವು ಇರುವಾಗ ಕೆಳಗಿನಿಂದ ಒಂದು ಜೀಪು ಬಂತು.

ಚಕ್ರದ ಅಂಚನ್ನೇ ರಬ್ಬರು ಹಿಡಿಯುವ ರಿಮ್ ಬ್ರೇಕಿನ ಸೈಕಲ್ಲಿನಲ್ಲಿ ಮಳೆಯಲ್ಲಿ ಇಳಿದವರಿಗೆ ಇದು ಗೊತ್ತಿರುತ್ತದೆ. ಬ್ರೇಕ್ ಒತ್ತಿದರೆ ರಬ್ಬರು ಮೊದಲು ರಿಮ್ಮಿನ ಮೇಲಿನ ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಚಕ್ರ ಎರಡು ಮೂರು ಸುತ್ತು ಹೊಡೆದಿರುತ್ತದೆ. ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಅಂದರೆ ಬ್ರೇಕ್ ಒತ್ತಿದ ಮೇಲೂ ಐದಾರು ಮೀಟರು ಸೈಕಲ್ಲು ತನ್ನ ಪಾಡಿಗೆ ತಾನು ಹೋಗುತ್ತದೆ. ಇಳಿಜಾರಿನ ತಿರುವಿನಲ್ಲಿ ಐದಾರು ಮೀಟರು ಅಂದರೆ ತಿರುವೇ ಮುಗಿದುಹೋಯಿತು. ನಾನು ಜೀಪಿನ ಕಡೆ ಹೋಗುವ ಬದಲು ಎಡಕ್ಕೆ ಧರೆಯ ಕಡೆ ಎಳೆದೆ. ಜರಿಗಿಡದ ಮೇಲೆ, ಮಣ್ಣಿನ ಮೇಲೆ ಒರಗಿ ನಿಂತೆ. ಗಾಯವಾಗಲಿಲ್ಲ.

ಜೀಪಿನವರು ಇಳಿದು ಬಂದು, "ಏನಮ್ಮ, ಬ್ರೇಕ್ ಇಲ್ವಾ ಸೈಕಲ್‌ಗೆ?" ಅಂದರು.

"ಇದೆ ಅಣ್ಣ, ಹಿಡೀತಿಲ್ಲ."

ನನ್ನನ್ನು ಹೆದರಿಸಿದ್ದು ಧರೆಗೆ ಒರಗಿದ್ದಲ್ಲ. ಬ್ರೇಕಿನಿಂದ ಕೈ ಬಿಡಿಸಲು ಹೋದರೆ ಬೆರಳು ನೆಟ್ಟಗಾಗಲಿಲ್ಲ. ಬಲಗೈಯ ಬೆರಳುಗಳನ್ನು ಎಡಗೈಯಲ್ಲಿ ಒಂದೊಂದಾಗಿ ಬಿಡಿಸಿಕೊಳ್ಳಬೇಕಾಯಿತು. ನಾನು ಐದು ಅಡಿ ಎರಡು ಇಂಚು ಎತ್ತರ, ಕೈ ಇನ್ನೂ ಚಿಕ್ಕದು. ಹಗಲೆಲ್ಲ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುವ ಕೈ. ಆ ಕೈಗೆ ಅಷ್ಟು ಉದ್ದದ ಇಳಿಜಾರಿನಲ್ಲಿ ಅಷ್ಟು ಜೋರಾಗಿ ಹಿಡಿದುಕೊಂಡೇ ಇರುವ ಶಕ್ತಿ ಇರಲಿಲ್ಲ.

ಮನೆಗೆ ಬಂದು ಚಕ್ರ ತೊಳೆದೆ. ರಿಮ್ಮಿನಿಂದ ಇಳಿದ ನೀರು ಮಸಿಯಂತೆ ಕಪ್ಪಗಿತ್ತು. ಅದು ಬರೀ ರಸ್ತೆಯ ಕೊಳೆಯಲ್ಲ, ರಿಮ್ಮಿನ ಅಲ್ಯುಮಿನಿಯಮ್ಮೇ ಸವೆದು ಬಂದಿದ್ದು. ಮಗನ ಜಾಮಿಟ್ರಿ ಬಾಕ್ಸಿನಿಂದ ಸ್ಟೀಲ್ ಸ್ಕೇಲು ತಂದು ಬ್ರೇಕ್ ತಾಗುವ ಜಾಗಕ್ಕೆ ಅಡ್ಡ ಇಟ್ಟು ಬೆಳಕಿಗೆ ಹಿಡಿದೆ. ಸ್ಕೇಲಿನ ಅಡಿಯಲ್ಲಿ ಬೆಳಕು ತೂರಿ ಬಂತು. ಸಮತಟ್ಟಾಗಿರಬೇಕಾದ ಗೋಡೆ ಬಟ್ಟಲಿನಂತೆ ಒಳಗೆ ಬಾಗಿತ್ತು. ಸವೆತ ತೋರಿಸಲೆಂದೇ ಕೊರೆದಿದ್ದ ಗೀರು ಮಾಯವಾಗಿತ್ತು. ಗಾಳಿ ತುಂಬಿದ ಟಯರಿನ ಒತ್ತಡಕ್ಕೆ ಆ ಗೋಡೆ ಯಾವತ್ತಾದರೂ ಸೀಳಬಹುದಿತ್ತು. ಅವತ್ತೇ, ಅಚ್ಚಿನ ಹತ್ತಿರ ಕೂರಿಸಿದ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕಿಗೆ ಹೋಗುವುದು ಅಂತ ತೀರ್ಮಾನ ಮಾಡಿದೆ.

ಅಂಗಡಿಯ ಸಿದ್ಧ ಸೈಕಲ್ಲುಗಳಲ್ಲಿ ನನ್ನ ಅಳತೆಗೆ ಸರಿಯಾದದ್ದು ಸಿಗಲಿಲ್ಲ. ಇದ್ದವೆಲ್ಲ ನನಗೆ ಒಂದು ಎರಡು ಸೈಜು ದೊಡ್ಡವು. ಹಾಗಾಗಿ ಬಿಡಿಬಿಡಿಯಾಗಿ ತಂದು ಕಟ್ಟಿಸುವುದೇ ದಾರಿ ಅನಿಸಿತು.

ಮೊದಲು ಸಿಕ್ಕ ಸಲಹೆ ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯ ಅಣ್ಣನದು. "ಅಕ್ಕ, ಹೊಸ ಫ್ರೇಮ್ ಯಾಕೆ? ಇದಕ್ಕೇ ಒಂದು ಪಟ್ಟಿ ಬೆಸುಗೆ ಹಾಕಿ ಕೊಡ್ತೀನಿ, ಡಿಸ್ಕ್ ಕೂರುತ್ತೆ." ಪ್ರೀತಿಯಿಂದಲೇ ಹೇಳಿದರು, ಅವರ ಬೆಸುಗೆಯೂ ಚೊಕ್ಕಟ. ಆದರೆ ಇದನ್ನು ಯಾರೂ ಮಾಡಿಸಬಾರದು. ಕಾರಣ ಎರಡು. ಅಲ್ಯುಮಿನಿಯಂ ಫ್ರೇಮಿಗೆ ಬೆಸುಗೆಯಾದ ಮೇಲೆ ಕಾರ್ಖಾನೆಯ ಒಲೆಯಲ್ಲಿ ಕಾಯಿಸಿ ಹದ ಕೊಟ್ಟಿರುತ್ತಾರೆ. ಮತ್ತೆ ಬೆಸುಗೆ ಹಾಕಿದರೆ ಆ ಜಾಗದ ಹದ ಹೋಗಿ ಲೋಹ ಮೆತ್ತಗಾಗುತ್ತದೆ. ಎರಡನೆಯದು ಇನ್ನೂ ದೊಡ್ಡದು. ರಿಮ್ ಬ್ರೇಕು ಹಿಡಿಯುವುದು ಚಕ್ರದ ಅಂಚನ್ನು, ಅಚ್ಚಿನಿಂದ ಒಂದು ಅಡಿ ದೂರದಲ್ಲಿ. 160 ಮಿಲಿಮೀಟರಿನ ಡಿಸ್ಕು ಹಿಡಿಯುವುದು ಅಚ್ಚಿನಿಂದ ಎಂಟು ಸೆಂಟಿಮೀಟರಿನೊಳಗೆ. ಅದೇ ಚಕ್ರವನ್ನು ನಿಲ್ಲಿಸಲು ಅಲ್ಲಿ ನಾಲ್ಕು ಪಟ್ಟಿಗೂ ಹೆಚ್ಚು ಬಲ ಬೇಕು. ಆ ಬಲವೆಲ್ಲ ಮುಂದಿನ ಚಕ್ರವನ್ನು ಹಿಡಿದಿರುವ ಕವಲಿನ, ಅಂದರೆ ಫೋರ್ಕಿನ ಎಡಗಾಲೊಂದರ ತುದಿಯ ಮೇಲೆ ಬೀಳುತ್ತದೆ. ರಿಮ್ ಬ್ರೇಕಿನ ಫೋರ್ಕನ್ನು ಆ ಭಾರಕ್ಕೆ ಮಾಡಿರುವುದಿಲ್ಲ. ಇದನ್ನೆಲ್ಲ ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಫೋರ್ಕನ್ನೇ ನೋಡಿ, "ಹಂಗಾದ್ರೆ ಬೇಡ ಬಿಡಿ" ಅಂದರು.

ಇಷ್ಟು ಗೊತ್ತಿದ್ದವಳು ಮುಂದಿನ ಹೆಜ್ಜೆಯಲ್ಲೇ ತಪ್ಪಿದೆ. ಸೆಕೆಂಡ್‌ಹ್ಯಾಂಡ್‌ನಲ್ಲಿ ಒಂದು ಜತೆ ಬಿಬಿ7 ಕ್ಯಾಲಿಪರ್ (ಪ್ಯಾಡು ಒತ್ತಿ ಡಿಸ್ಕನ್ನು ಹಿಡಿಯುವ ಭಾಗ) ಅರ್ಧ ಬೆಲೆಗೆ ಸಿಕ್ಕಿತು ಅಂತ ಕೊಂಡುಬಿಟ್ಟೆ. ಕೇಬಲ್ಲಿನಿಂದ ನಡೆಯುವ ಡಿಸ್ಕ್ ಬ್ರೇಕುಗಳಲ್ಲಿ ಹೆಸರು ಮಾಡಿದ ಮಾಲು ಅದು. ಮಾರಿದವರು ರೋಡ್ ಸೈಕಲ್ಲಿನದು ಅಂದಿದ್ದರು, ಬಂದದ್ದು ಮೌಂಟನ್ ಬೈಕಿನದು. ನೋಡಲು ಎರಡೂ ಒಂದೇ ಥರ. ಆದರೆ ಮೌಂಟನ್ ಬೈಕಿನ ಕ್ಯಾಲಿಪರಿಗೆ ಕೇಬಲ್ ಹೆಚ್ಚು ಎಳೆಯಬೇಕು. ಬಾಗಿದ ಹ್ಯಾಂಡಲ್ಲಿನ ರೋಡ್ ಲಿವರು ಅಷ್ಟು ಎಳೆಯುವುದೇ ಇಲ್ಲ. ಎರಡನ್ನೂ ಜೋಡಿಸಿದರೆ ಲಿವರು ಹ್ಯಾಂಡಲ್ಲಿಗೆ ಬಂದು ತಾಗುತ್ತದೆ, ಪ್ಯಾಡು ಇನ್ನೂ ಡಿಸ್ಕನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಅದರ ಮೇಲೆ ಅದು ಪೋಸ್ಟ್ ಮೌಂಟ್, ಅಂದರೆ ಬೋಲ್ಟಿನ ತೂತುಗಳ ನಡುವೆ 74 ಮಿಲಿಮೀಟರ್. ಈಗಿನ ರೋಡ್ ಫ್ರೇಮುಗಳಲ್ಲಿ ಬರುವುದು ಫ್ಲಾಟ್ ಮೌಂಟ್. ಅದರಲ್ಲಿ ಕ್ಯಾಲಿಪರು ಚಪ್ಪಟೆಯಾಗಿ ಫ್ರೇಮಿನ ಮೇಲೇ ಕೂರುತ್ತದೆ, ಹಿಂದಿನ ಬೋಲ್ಟುಗಳು ಕೊಳವೆಯನ್ನು ತೂರಿ ಕೆಳಗಿನಿಂದ ಬರುತ್ತವೆ. ಒಂದಕ್ಕೊಂದು ಹೊಂದುವುದಿಲ್ಲ. ಕೊಟ್ಟ ಹಣದಲ್ಲಿ ಮೂರನೇ ಒಂದು ಪಾಲು ಕಳೆದುಕೊಂಡು ಅವನ್ನು ಮಾರಿದೆ.

ಹಳೆಯ ಮಾಲು ಹುಡುಕುವವರಿಗೆ ಒಂದು ಮಾತು. ರೋಡ್ ಸೈಕಲ್ಲಿಗೆ ಡಿಸ್ಕ್ ಬಂದದ್ದು ನೆಟ್ಟಗಿನ ದಾರಿಯಲ್ಲಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ವೃತ್ತಿಪರ ರೇಸುಗಳಲ್ಲಿ ಪರೀಕ್ಷೆಗೆ ಬಿಟ್ಟು, 2016ರ ಏಪ್ರಿಲ್‌ನಲ್ಲಿ ಪ್ಯಾರಿಸ್–ರೂಬೆ ರೇಸಿನ ಗಾಯದ ದೂರಿನ ನಂತರ ನಿಲ್ಲಿಸಿ, ಮತ್ತೆ ಶುರು ಮಾಡಿ, ಪೂರ್ತಿ ಒಪ್ಪಿಗೆ ಕೊಟ್ಟದ್ದು 2018ರ ಜುಲೈನಲ್ಲಿ. ಆ ನಡುವಿನ ವರ್ಷಗಳಲ್ಲಿ ಬಂದ ಫ್ರೇಮುಗಳಲ್ಲಿ ಒಂದೊಂದು ಒಂದೊಂದು ಥರ. ಕೆಲವಕ್ಕೆ ಪೋಸ್ಟ್ ಮೌಂಟ್, ಕೆಲವಕ್ಕೆ ಫ್ಲಾಟ್ ಮೌಂಟ್. ಮುಂದಿನ ಅಚ್ಚು ಕೆಲವಕ್ಕೆ 15 ಮಿಲಿಮೀಟರ್, ಕೆಲವಕ್ಕೆ 12, ಇನ್ನು ಕೆಲವಕ್ಕೆ ಹಿಡಿ ತಿರುಗಿಸಿ ಚಕ್ರ ಬಿಡಿಸುವ ಹಳೆಯ ಕ್ವಿಕ್ ರಿಲೀಸ್. ಅಗ್ಗಕ್ಕೆ ಸಿಗುವ ಫ್ರೇಮು ಬಹಳ ಸಲ ಈ ಕಾಲದ್ದೇ. ಫ್ರೇಮು ಅಗ್ಗವಾದರೂ ಅದಕ್ಕೆ ಕೂರುವ ಚಕ್ರ ಹುಡುಕುವುದರಲ್ಲಿ ಆ ಉಳಿತಾಯ ಹೋಗುತ್ತದೆ.

ಪೆಟ್ಟು ತಿಂದ ಮೇಲೆ ಲೆಕ್ಕವನ್ನು ತಿರುಗಿಸಿದೆ. ಎಲ್ಲರೂ ಮೊದಲು ಫ್ರೇಮು ನೋಡುತ್ತಾರೆ, ಬಣ್ಣ ನೋಡುತ್ತಾರೆ, ತೂಕ ಕೇಳುತ್ತಾರೆ. ನಾನು ಈ ಸೈಕಲ್ಲು ಕಟ್ಟಲು ಹೊರಟದ್ದು ಕೈ ಮರಗಟ್ಟಿದ್ದಕ್ಕೆ. ಹಾಗಾದರೆ ಶುರು ಮಾಡಬೇಕಾದ್ದು ಕೈಯಿಂದ. ನನ್ನ ಬೆರಳಿಗೆ ಸಿಗುವ ಲಿವರು ಯಾವುದು, ಆ ಲಿವರಿಗೆ ಕೂರುವ ಕ್ಯಾಲಿಪರು ಯಾವುದು, ಆ ಕ್ಯಾಲಿಪರು ಕೂರುವ ಫ್ರೇಮು ಯಾವುದು. ಈ ಕ್ರಮ ಹಿಡಿದ ಮೇಲೆ ಮುಂದಿನದು ಒಂದೊಂದಾಗಿ ಬಿಡಿಸಿಕೊಂಡಿತು.

ಹಾಸನದ ಗೆಳತಿಯ ಹತ್ತಿರ ಟಿಆರ್‌ಪಿ ಸ್ಪೈರ್ ಹಾಕಿದ ಸೈಕಲ್ಲಿದೆ. ಕೇಬಲ್ ಬ್ರೇಕೇ, ಆದರೆ ಎರಡೂ ಕಡೆಯ ಪ್ಯಾಡು ಒಟ್ಟಿಗೆ ಬಂದು ಡಿಸ್ಕನ್ನು ಹಿಡಿಯುತ್ತದೆ. ಒಂದೇ ಕಡೆಯಿಂದ ಒತ್ತಿ ಡಿಸ್ಕನ್ನು ಬಾಗಿಸುವುದಿಲ್ಲ. ಅವಳು ಒಂದು ಶನಿವಾರ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದಳು, ಇಬ್ಬರೂ ಬೆಟ್ಟಕ್ಕೆ ಹೋದೆವು. ಇಳಿಯುವಾಗ ಸೈಕಲ್ ಬದಲಾಯಿಸಿಕೊಂಡೆವು. ಒದ್ದೆ ರಸ್ತೆಯಲ್ಲೂ ಒತ್ತಿದ ಕೂಡಲೇ ಹಿಡಿಯಿತು. ಅಷ್ಟಕ್ಕೇ ನನಗೆ ಕಣ್ಣು ತುಂಬಿ ಬಂತು. ಆದರೆ ಕೈಮರ ತಲುಪುವ ಹೊತ್ತಿಗೆ ಬೆರಳು ಮತ್ತೆ ನೋಯುತ್ತಿತ್ತು. ಕೇಬಲ್ ತನ್ನ ಕವಚದೊಳಗೆ ಉಜ್ಜಿಕೊಂಡು ಹೋಗುತ್ತದೆ, ಒತ್ತಿದ ಬಲದಲ್ಲಿ ಒಂದು ಪಾಲು ಅಲ್ಲೇ ಖರ್ಚು. ಒತ್ತಿದರೆ ಕುಗ್ಗದ ಗಟ್ಟಿ ಕವಚ ಹಾಕಿಸಿದರೆ ತುಂಬ ಸುಧಾರಿಸುತ್ತದೆ, ಅವಳು ಹಾಕಿಸಿಯೂ ಇದ್ದಳು. "ಮಾರಾಯ್ತಿ, ನಿನ್ನ ಕೈಗೆ ಇದೂ ಸಾಲಲ್ಲ. ಎಣ್ಣೆ ಬ್ರೇಕೇ ಹಾಕ್ಸು" ಅಂದಳು. ಇನ್ನೊಂದು ವಿಷಯವನ್ನೂ ಅವಳೇ ತೋರಿಸಿದಳು. ಮಳೆಯಲ್ಲಿ ಕೆಮ್ಮಣ್ಣಿನ ನೀರು ಸಿಡಿದು ಪ್ಯಾಡು ಬೇಗ ಸವೆಯುತ್ತದೆ. ಕೇಬಲ್ ಬ್ರೇಕಿನಲ್ಲಿ ಸವೆದಷ್ಟೂ ಲಿವರು ಹ್ಯಾಂಡಲ್ಲಿನ ಹತ್ತಿರ ಹೋಗುತ್ತದೆ, ಅಲೆನ್ ಕೀ ಹಾಕಿ ಪ್ಯಾಡನ್ನು ಒಳಗೆ ತಿರುಗಿಸಬೇಕು. ಅವಳು ಕೈಮರದ ಹೋಟೆಲಿನ ಮುಂದೆ ನಿಂತು ತಿರುಗಿಸಿದಳು.

ಕೇಬಲ್ಲಿನ ಬದಲು ಪೈಪಿನೊಳಗಿನ ಎಣ್ಣೆಯೇ ಬಲ ಸಾಗಿಸುವ ಎಣ್ಣೆ ಬ್ರೇಕಿನಲ್ಲಿ ಆ ಕೆಲಸ ತನ್ನಷ್ಟಕ್ಕೆ ಆಗುತ್ತದೆ. ಅದು ಹೇಗೆ ಅಂತ ತಿಳಿದಾಗ ನನಗೆ ಬಹಳ ಸಂತೋಷವಾಯಿತು, ಅದಕ್ಕೆ ಬರೆಯುತ್ತೇನೆ. ಪ್ಯಾಡನ್ನು ದಬ್ಬುವ ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಬಳೆ ಇರುತ್ತದೆ. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಬರುತ್ತದೆ, ಬಳೆ ಅದಕ್ಕೆ ಅಂಟಿಕೊಂಡು ಸ್ವಲ್ಪ ತಿರುಚಿಕೊಳ್ಳುತ್ತದೆ. ಬಿಟ್ಟಾಗ ಬಳೆ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡು ಸವೆದಿದ್ದರೆ ಪಿಸ್ಟನ್ ಇನ್ನೂ ಮುಂದೆ ಹೋಗಬೇಕು. ಆಗ ಬಳೆಯ ಹಿಡಿತ ಜಾರಿ ಪಿಸ್ಟನ್ ಹೊಸ ಜಾಗದಲ್ಲಿ ನಿಲ್ಲುತ್ತದೆ, ಬಳೆ ಮತ್ತೆ ಅಷ್ಟೇ ದೂರ ಎಳೆಯುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಅಂತರ ಯಾವಾಗಲೂ ಅಷ್ಟೇ. ಒಂದು ರಬ್ಬರ್ ಬಳೆ ಇಷ್ಟನ್ನೂ ಮಾಡುತ್ತದೆ!

ಕೇಬಲ್ ಲಿವರಿಟ್ಟುಕೊಂಡು ಕ್ಯಾಲಿಪರಿನಲ್ಲಿ ಮಾತ್ರ ಎಣ್ಣೆ ಇರುವ ಜಾತಿಯೂ ಉಂಟು, ಟಿಆರ್‌ಪಿಯ ಹೈರೋಡ್‌ನಂಥದ್ದು. ಹಳೆಯ ಲಿವರು ಉಳಿಸಿಕೊಳ್ಳಬೇಕು ಅನ್ನುವವರಿಗೆ ಒಳ್ಳೆಯದು. ನನಗೆ ಲಿವರೇ ಬದಲಾಗಬೇಕಿತ್ತು, ಆದ್ದರಿಂದ ಬಿಟ್ಟೆ.

ಶಿಮಾನೊ ಕಂಪನಿಯ 105 ಅನ್ನುವ ಸಾಲಿನ 11 ಗೇರಿನ ಎಣ್ಣೆ ಲಿವರಿನಲ್ಲಿ ಎರಡು ಬಗೆ. ಎಲ್ಲರೂ ಹಾಕಿಸುವುದು ಆರ್7020. ಅದೇ 11 ಗೇರಿನದು, ಚಿಕ್ಕ ಕೈಯವರಿಗೆಂದೇ ಮಾಡಿದ್ದು ಆರ್7025. ಇದು ಇದೆ ಅನ್ನುವುದೇ ಬಹಳ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಮೊದಲನೆಯದನ್ನು ಹಿಡಿದು ನೋಡಿದೆ. ಲಿವರನ್ನು ಒಳಗೆ ತರುವ ಸ್ಕ್ರೂ ಪೂರ್ತಿ ತಿರುಗಿಸಿದರೂ ನನ್ನ ಬೆರಳಿನ ತುದಿಗೆಣ್ಣು ಮಾತ್ರ ಅದರ ಮೇಲೆ ಬಂತು. ಅಂಗಡಿಯ ಹುಡುಗನಿಗೆ ಎರಡನೆಯದರ ವಿಷಯ ಹೇಳಿದೆ, ಅವನು ಪಟ್ಟಿಯಲ್ಲಿ ಹುಡುಕಿ, "ಇದೆ ಮೇಡಂ, ಆದ್ರೆ ತರಿಸ್ಬೇಕು" ಅಂದ. ಏಳು ವಾರ ಕಾದೆ. ಬಂದ ದಿನ ಡಬ್ಬದಿಂದ ತೆಗೆದು ಹಿಡಿದೆ. ನಡುಬೆರಳಿನ ಎರಡನೇ ಗೆಣ್ಣಿನವರೆಗೂ ಲಿವರು ಕೂತಿತು. ಒಂದು ಗೆಣ್ಣಿನ ವ್ಯತ್ಯಾಸ. ಚಿಕ್ಕ ಕೈಯ ಹೆಂಗಸರು, ಮಕ್ಕಳು ಸೈಕಲ್ ಇಳಿಸಲು ಹೆದರಿದರೆ ಧೈರ್ಯ ಇಲ್ಲ ಅನ್ನುವವರನ್ನು ನೋಡಿದ್ದೇನೆ. ಬ್ರೇಕು ಕೈಗೆ ಸಿಗದಿದ್ದರೆ ಧೈರ್ಯ ಎಲ್ಲಿಂದ ಬರಬೇಕು?

ಉಳಿದದ್ದು ಒಂದೇ ಅಳುಕು. ಎಣ್ಣೆ ಬ್ರೇಕು ಕೆಟ್ಟರೆ ಚಿಕ್ಕಮಗಳೂರಿನಲ್ಲಿ ಯಾರು ನೋಡುತ್ತಾರೆ? ನನ್ನ ಸ್ಕೂಟಿ ನೋಡುವ ಮೆಕಾನಿಕ್ ತಮ್ಮನ ಅಂಗಡಿ ಬೇಲೂರು ರಸ್ತೆಯಲ್ಲಿದೆ. ಹೋಗಿ ಕೇಳಿದೆ. "ಅದೇನ್ ದೊಡ್ಡ ವಿಷ್ಯ ಅಕ್ಕ, ಪಲ್ಸರ್‌ಗೆ ದಿನಾ ಮಾಡ್ತೀವಲ್ಲ. ಹಳೆ ಎಣ್ಣೆ ತೆಗ್ದು ಗಾಳಿ ತೆಗ್ದು ಹೊಸಾದು ಹಾಕಿದ್ರೆ ಆಯ್ತು." ಕೆಲಸ ಅವನಿಗೆ ಗೊತ್ತು, ಅದು ನಿಜ. ಆದರೆ ಎಣ್ಣೆ ಬೇರೆ. ಬೈಕಿಗೆ ಹಾಕುವುದು ಡಾಟ್ 3, ಡಾಟ್ 4 ದ್ರವ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಒಳಗಿನ ರಬ್ಬರ್ ಬಳೆಗಳೆಲ್ಲ ಹಾಳು. ಡಾಟ್ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕಾದರೆ, ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು. ನಮ್ಮೂರಿನ ನಾಲ್ಕು ತಿಂಗಳ ಮಳೆಗೆ ಇದು ಸಣ್ಣ ವಿಷಯವಲ್ಲ. ಮಿನರಲ್ ಆಯಿಲ್ ನೀರು ಹೀರುವುದಿಲ್ಲ, ಬಣ್ಣ ತಿನ್ನುವುದಿಲ್ಲ, ಕೈಗೆ ತಾಗಿದರೂ ಉರಿಯುವುದಿಲ್ಲ. ಒಳಗೆ ನೀರು ಸೇರಿತೆಂದರೆ ಮಾತ್ರ ಅದು ಎಣ್ಣೆಯಲ್ಲಿ ಬೆರೆಯದೆ ತಳದಲ್ಲಿ, ಕ್ಯಾಲಿಪರಿನ ಹತ್ತಿರವೇ ನಿಲ್ಲುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ತಮ್ಮ ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಸಿರಿಂಜೂ ಬೇರೆ ಇಡ್ಬೇಕು, ಹಳೇದರಲ್ಲಿ ಡಾಟ್ ಇರುತ್ತೆ" ಅಂದ. ನಾನು ಯೋಚಿಸದೇ ಇದ್ದದ್ದನ್ನು ಅವನೇ ಹೇಳಿದ. ಆಗ ನನ್ನ ಅಳುಕು ಹೋಯಿತು.

ಬ್ರೇಕು ತೀರ್ಮಾನವಾದ ಮೇಲೆ ಫ್ರೇಮು. ಮೂರು ಕಣ್ಣ ಮುಂದಿದ್ದವು.

ಒಂದು, ಬಳಸಿದ ಅಲ್ಯುಮಿನಿಯಂ ಫ್ರೇಮು. ಪೋಸ್ಟ್ ಮೌಂಟ್, ಹಿಂದೆ 135 ಮಿಲಿಮೀಟರಿನ ಕ್ವಿಕ್ ರಿಲೀಸ್. ಇದಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಡಿಸ್ಕ್ ಹಿಡಿದಾಗ ಮುಂದಿನ ಚಕ್ರದ ಅಚ್ಚನ್ನು ಫೋರ್ಕಿನ ಬಾಯಿಂದ ಕೆಳಕ್ಕೆ ದಬ್ಬುವ ಬಲ ಹುಟ್ಟುತ್ತದೆ. ತೂತಿನೊಳಗೆ ತೂರಿಸಿ ತಿರುಪು ಹಾಕುವ ಥ್ರೂ ಆಕ್ಸಲ್ಲಿಗೆ ಆ ಭಯವೇ ಇಲ್ಲ. ಮತ್ತೆ, ಚಕ್ರ ಬಿಚ್ಚಿ ಹಾಕಿದಾಗಲೆಲ್ಲ ಡಿಸ್ಕು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ, ಕ್ಯಾಲಿಪರಿಗೆ ಉಜ್ಜುವುದಿಲ್ಲ. ಮುಂದೆ 12×100, ಹಿಂದೆ 12×142, ಈಗ ಎಲ್ಲ ಕಡೆ ಸಿಗುವ ಅಳತೆ.

ಎರಡು, ಕಾರ್ಬನ್ ಫ್ರೇಮು. ತೂಕ ಒಂದು ಕಿಲೋದ ಆಸುಪಾಸು, ನೋಡಲು ಬಲು ಚೆಂದ. ಬ್ರೇಕಿನ ಪೈಪು ಹೊರಗೆ ಎಲ್ಲೂ ಕಾಣುವುದಿಲ್ಲ. ಹ್ಯಾಂಡಲ್ಲಿನಿಂದ ನೇರ, ಹ್ಯಾಂಡಲ್ಲು ತಿರುಗುವ ಹೆಡ್‌ಸೆಟ್ ಬೇರಿಂಗಿನ ನಡುವೆ ಇಳಿದು ಫ್ರೇಮಿನೊಳಗೆ ಹೋಗುತ್ತದೆ. ಆ ಅಂದಕ್ಕೆ ನಾನು ಎರಡು ವಾರ ಮರುಳಾಗಿದ್ದೆ. ಆಮೇಲೆ ನನ್ನ ಹಳೆಯ ಸೈಕಲ್ಲಿನ ಹೆಡ್‌ಸೆಟ್ ಬಿಚ್ಚಿದ್ದು ನೆನಪಾಯಿತು. ಮುಂದಿನ ಚಕ್ರ ಎರಚುವ ನೀರೆಲ್ಲ ಹೋಗಿ ಕೂರುವುದು ಕೆಳಗಿನ ಬೇರಿಂಗಿನಲ್ಲಿ. ಪ್ರತಿ ಮಳೆಗಾಲ ಮುಗಿದಾಗ ಅದು ತುಕ್ಕು ಹಿಡಿದು ಗರಗರ ಅನ್ನುತ್ತದೆ, ಬದಲಾಯಿಸುತ್ತೇನೆ. ಹತ್ತು ನಿಮಿಷದ ಕೆಲಸ. ಪೈಪು ಬೇರಿಂಗಿನ ನಡುವೆ ತೂರಿದ್ದರೆ ಅದೇ ಬೇರಿಂಗಿಗಾಗಿ ಬ್ರೇಕ್ ಪೈಪು ಬಿಚ್ಚಬೇಕು, ಎಣ್ಣೆ ಮತ್ತೆ ತುಂಬಬೇಕು, ಗಾಳಿ ತೆಗೆಯಬೇಕು. ಮಳೆ ಕಮ್ಮಿ ಇರುವ ಊರಿನವರು ಬೇಕಾದರೆ ಕೊಳ್ಳಲಿ. ಮಲೆನಾಡಿನವರಿಗೆ ಅದು ಬೇಡ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಪೆಡಲಿನ ನಡುಬೇರಿಂಗು ಕೂಡ ಅದರಲ್ಲಿ ಒತ್ತಿ ಕೂರಿಸುವ ಜಾತಿ, ತೆಗೆದು ಹಾಕಲು ಬೇರೆಯೇ ಸಾಧನ ಬೇಕು.

ಮೂರು, 4130 ಕ್ರೋಮೊಲಿ ಸ್ಟೀಲಿನ ಫ್ರೇಮು, ಕಾರ್ಬನ್ ಫೋರ್ಕು. ಫ್ರೇಮೊಂದೇ ಎರಡು ಕಿಲೋಕ್ಕೆ ಹತ್ತಿರ. ಪೈಪುಗಳು ಕೆಳಗಿನ ಕೊಳವೆಯ ಹೊರಗೆ ಕ್ಲಿಪ್ಪಿನಲ್ಲಿ. ನಡುಬೇರಿಂಗು ತಿರುಪಿನದು, ಫ್ಲಾಟ್ ಮೌಂಟ್, ಎರಡೂ ಕಡೆ 12ರ ಥ್ರೂ ಆಕ್ಸಲ್. 35 ಮಿಲಿಮೀಟರಿನ ಟಯರು ಹಿಡಿಸುತ್ತದೆ, 32ರದ್ದು ಹಾಕಿದರೆ ಮಡ್‌ಗಾರ್ಡಿಗೂ ಜಾಗ. ಕ್ಯಾರಿಯರ್ ಕಟ್ಟುವ ತೂತುಗಳೂ ಇದ್ದವು.

ಅಳತೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕಾಲ್ಬೆರಳು. ಚಿಕ್ಕ ಫ್ರೇಮಿಗೆ ದೊಡ್ಡ ಚಕ್ರ ಹಾಕಿದಾಗ ನಿಧಾನಕ್ಕೆ ತಿರುಗಿಸುವ ಹೊತ್ತಿನಲ್ಲಿ ಶೂಸಿನ ತುದಿ ಮುಂದಿನ ಟಯರಿಗೆ ತಾಗುತ್ತದೆ. ಕಡಿದಾದ ಹೇರ್‌ಪಿನ್ನಿನಲ್ಲಿ ಹತ್ತುವಾಗ ವೇಗ ನಡಿಗೆಯಷ್ಟೇ ಇರುತ್ತದೆ, ಹ್ಯಾಂಡಲ್ಲು ಪೂರ್ತಿ ತಿರುಗಿರುತ್ತದೆ. ಅಲ್ಲಿ ತಾಗಿದರೆ ಬಿದ್ದೆವು ಅಂತಲೇ. ಅದಕ್ಕೆ ಪೆಡಲಿನ ನಡುಬೇರಿಂಗಿನಿಂದ ಮುಂದಿನ ಅಚ್ಚಿನವರೆಗಿನ ದೂರವನ್ನು ಪಟ್ಟಿಯಲ್ಲಿ ಹುಡುಕಿ ಹೋಲಿಸಿದೆ. ಸ್ಟೀಲಿನದು ಕಾರ್ಬನ್ನಿನದಕ್ಕಿಂತ 14 ಮಿಲಿಮೀಟರ್ ಉದ್ದ. ಅದರ ಜತೆ 165 ಮಿಲಿಮೀಟರಿನ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತೆಗೆದುಕೊಂಡೆ, ಮೊದಲಿದ್ದದ್ದು 170. ಒಟ್ಟು ಸುಮಾರು ಎರಡು ಸೆಂಟಿಮೀಟರಿನಷ್ಟು ಜಾಗ ಸಿಕ್ಕಿತು.

ತೂಕದ ಬಗ್ಗೆ ಭಾವ ಎಚ್ಚರಿಸಿದರು. "ಒಂದು ಕಿಲೋ ಜಾಸ್ತಿ ಹೊತ್ಕೊಂಡು ಬೆಟ್ಟ ಹತ್ತಬೇಕಲ್ಲಮ್ಮ, ಯೋಚನೆ ಮಾಡು." ಯೋಚನೆ ಮಾಡಿದ್ದೆ. ನಾನು, ಸೈಕಲ್ಲು, ನೀರು, ಮಳೆಕೋಟು ಎಲ್ಲ ಸೇರಿ 70 ಕಿಲೋ. ಅದರಲ್ಲಿ ಒಂದು ಕಿಲೋ ಅಂದರೆ ನೂರಕ್ಕೆ ಒಂದೂವರೆ ಪಾಲು. ಗಂಟೆಗಟ್ಟಲೆ ಹತ್ತುವ ದಾರಿಯಲ್ಲಿ ಒಂದೆರಡು ನಿಮಿಷ. ಅಷ್ಟನ್ನು ಕೊಡಲು ನಾನು ಸಿದ್ಧಳಿದ್ದೆ. ತುಕ್ಕಿನ ಭಯ ಮಾತ್ರ ನಿಜವಾದದ್ದು. ಫ್ರೇಮು ಬಂದ ದಿನವೇ, ಏನೂ ಜೋಡಿಸುವ ಮೊದಲು, ಕಾರಿನ ತಗಡಿಗೆ ಹೊಡೆಯುವ ಮೇಣದ ಸ್ಪ್ರೇಯನ್ನು ಎಲ್ಲ ಕೊಳವೆಗಳ ಒಳಗೆ ಹೊಡೆದು, ತಿರುಗಿಸಿ ತಿರುಗಿಸಿ ಎರಡು ದಿನ ಒಣಗಿಸಿದೆ. ನಡುಬೇರಿಂಗಿನ ಅಡಿಯಲ್ಲಿ ನೀರು ಬಸಿಯುವ ತೂತು ಇದೆಯೇ ಅಂತಲೂ ನೋಡಿಕೊಂಡೆ. ಬಣ್ಣ ತುಂಬಿ ಮುಚ್ಚಿತ್ತು, ದಬ್ಬಳದಲ್ಲಿ ಬಿಡಿಸಿದೆ.

ಬಣ್ಣದ ತೊಂದರೆ ಅಲ್ಲಿಗೇ ಮುಗಿಯಲಿಲ್ಲ. ಕ್ಯಾಲಿಪರು ಕೂರುವ ಎರಡು ಚಪ್ಪಟೆ ಜಾಗದ ಮೇಲೂ ಬಣ್ಣ ಹನಿಯಾಗಿ ಗಟ್ಟಿಯಾಗಿತ್ತು. ಉಗುರಿನಲ್ಲಿ ಎಳೆದರೆ ಎಡವುವಷ್ಟು. ಫ್ಲಾಟ್ ಮೌಂಟಿನಲ್ಲಿ ಆ ಮುಖ ಸಮ ಇಲ್ಲದಿದ್ದರೆ ಕ್ಯಾಲಿಪರು ಓರೆಯಾಗಿ ಕೂರುತ್ತದೆ, ಎಷ್ಟು ಸರಿಸಿದರೂ ಡಿಸ್ಕು ಒಂದು ಕಡೆ ಉಜ್ಜುತ್ತದೆ. ಅದನ್ನು ಅಚ್ಚಿಗೆ ಸಮಾಂತರವಾಗಿ ಕೆರೆದು ಸಮ ಮಾಡುವ ಸಾಧನ ನಮ್ಮೂರಿನಲ್ಲಿ ಸಿಗಲಿಲ್ಲ. ಫ್ರೇಮನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬೆಂಗಳೂರಿನ ಬಸ್ಸಿಗೆ ಹಾಕಿಕೊಂಡು ಹೋಗಿ ಮಾಡಿಸಿಕೊಂಡು ಬಂದೆ. ಕಾಲು ಗಂಟೆಯ ಕೆಲಸಕ್ಕೆ ಒಂದು ದಿನದ ರಜೆ. ಕೊಳ್ಳುವಾಗಲೇ ಇದನ್ನು ಮಾಡಿಸಿ ಕೊಡುತ್ತೀರಾ ಅಂತ ಕೇಳಿದ್ದರೆ ಆ ದಿನ ಉಳಿಯುತ್ತಿತ್ತು.

ಚಕ್ರ, ಸೀಟು, ಗೇರು ಬೇಗ ಮುಗಿದವು. ಹಲ್ಲುಗಳ ಲೆಕ್ಕದಲ್ಲಿ ಮುಂದೆ 50–34, ಹಿಂದೆ 11–34, ನಮ್ಮ ಏರಿಗೆ 34ಕ್ಕೆ 34 ಬೇಕೇ ಬೇಕು. ಡಿಸ್ಕು ಎರಡೂ ಕಡೆ 160. ನಿನ್ನ ತೂಕಕ್ಕೆ ಹಿಂದೆ 140 ಸಾಕು ಅಂದವರಿದ್ದರು. ಬಯಲು ಸೀಮೆಗೆ ಸಾಕು. ಆದರೆ 70 ಕಿಲೋ ಭಾರ ಸುಮಾರು 700 ಮೀಟರ್ ಎತ್ತರದಿಂದ ಇಳಿದು ನಿಂತರೆ ಹುಟ್ಟುವ ಬಿಸಿಯಲ್ಲಿ ಒಂದೂವರೆ ಲೀಟರಿನಷ್ಟು ತಣ್ಣೀರು ಕುದಿ ಬರುತ್ತದೆ. ಗಾಳಿ ಒಂದು ಪಾಲು ಹೊತ್ತೊಯ್ದರೂ ಉಳಿದದ್ದನ್ನೆಲ್ಲ ಈ ಎರಡು ತೆಳ್ಳನೆಯ ತಟ್ಟೆಗಳೇ ತಾಳಿಕೊಳ್ಳಬೇಕು. ಹೊಸ ಡಿಸ್ಕಿನ ದಪ್ಪ 1.8 ಮಿಲಿಮೀಟರ್, 1.5ಕ್ಕೆ ಬಂದರೆ ಬಿಸಾಡಬೇಕು. ಅಂಥದ್ದಕ್ಕೆ ಅಗಲವಾದರೂ ಇರಲಿ.

ಜೋಡಣೆ ಮೆಕಾನಿಕ್ ತಮ್ಮನ ಅಂಗಡಿಯಲ್ಲೇ, ಎರಡು ಭಾನುವಾರ. ಹಿಂದಿನ ಕ್ಯಾಲಿಪರಿನ ಬೋಲ್ಟು ಹಾಕಿ ಬಿಗಿ ಮಾಡಿದ. ಬಿಗಿಯಾಯಿತು, ಆದರೆ ಕ್ಯಾಲಿಪರನ್ನು ಕೈಯಲ್ಲಿ ಅಲುಗಿಸಿದರೆ ಅಲುಗುತ್ತಿತ್ತು. ಇಬ್ಬರಿಗೂ ತಿಳಿಯಲಿಲ್ಲ. ಬಿಚ್ಚಿ ಬೋಲ್ಟನ್ನು ಅಳೆದೆವು, 38 ಮಿಲಿಮೀಟರ್. ಕೊಳವೆಯ ದಪ್ಪ ಅಳೆದೆವು, 20. ಈ ಬೋಲ್ಟು ಕೊಳವೆಯ ದಪ್ಪಕ್ಕಿಂತ 13 ಮಿಲಿಮೀಟರ್ ಮಾತ್ರ ಉದ್ದ ಇರಬೇಕು, ಅಂದರೆ 33. ಐದು ಮಿಲಿಮೀಟರ್ ಹೆಚ್ಚಾಗಿ ತುದಿ ಕ್ಯಾಲಿಪರಿನ ತಳಕ್ಕೆ ಹೋಗಿ ತಾಗಿ ನಿಂತಿತ್ತು. ಬಿಗಿ ಅನಿಸಿದ್ದು ಅದೇ. ಅಲುಗಿಸಿ ನೋಡದೆ ರಸ್ತೆಗೆ ಇಳಿಸಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ನೆನೆಯಲೂ ಇಷ್ಟವಿಲ್ಲ. ಸರಿಯಾದ ಬೋಲ್ಟು ತರಿಸಲು ಇನ್ನೊಂದು ವಾರ.

ಲಿವರಿನ ಪೈಪುಗಳನ್ನೂ ಅದಲು ಬದಲು ಮಾಡಿಸಿದೆ. ಪೆಟ್ಟಿಗೆಯಲ್ಲಿ ಬಂದದ್ದು ಬಲಗೈಗೆ ಹಿಂದಿನ ಬ್ರೇಕು. ನಾನು ದಿನಾ ಓಡಿಸುವ ಸ್ಕೂಟಿಯಲ್ಲಿ ಬಲಗೈ ಮುಂದಿನದು. ಹೆದರಿದಾಗ ಕೈ ಯೋಚಿಸುವುದಿಲ್ಲ, ರೂಢಿಯಂತೆ ಹಿಡಿಯುತ್ತದೆ. ಎರಡೂ ಒಂದೇ ಇರಲಿ ಅಂತ ಹಟ ಮಾಡಿದೆ. ತಮ್ಮ ಪೈಪು ಕತ್ತರಿಸಿ, ಹಿತ್ತಾಳೆಯ ಪುಟ್ಟ ಬಳೆ ತೂರಿಸಿ, ಲಿವರಿಗೆ ಬಿಗಿದ. ಮೇಲೆ ಲಿವರಿಗೆ ಆಲಿಕೆ ಸಿಕ್ಕಿಸಿ, ಕೆಳಗಿನಿಂದ ಸಿರಿಂಜಿನಲ್ಲಿ ಎಣ್ಣೆ ದಬ್ಬಿದ. ಗುಲಾಬಿ ಬಣ್ಣದ ಎಣ್ಣೆ ನಿಧಾನಕ್ಕೆ ಏರಿ ಆಲಿಕೆಯಲ್ಲಿ ಕಾಣಿಸಿಕೊಂಡಿತು, ಅದರ ಜತೆ ಸಾಬಕ್ಕಿಯಂಥ ಗುಳ್ಳೆಗಳು. ಸ್ಕ್ರೂಡ್ರೈವರಿನ ಹಿಡಿಯಿಂದ ಪೈಪಿಗೆ ಉದ್ದಕ್ಕೂ ತಟ್ಟುತ್ತ ಬಂದ, ಇನ್ನೂ ನಾಲ್ಕು ಗುಳ್ಳೆ ಬಂದವು. ಬಳಿಕ ಬರಲಿಲ್ಲ. "ಈಗ ಹಿಡ್ದು ನೋಡಿ ಅಕ್ಕ" ಅಂದ. ಎರಡು ಬೆರಳಿನಲ್ಲಿ ಒತ್ತಿದೆ. ಸ್ವಲ್ಪ ಬಂದು, ಗೋಡೆಗೆ ತಾಗಿದಂತೆ ನಿಂತಿತು.

ಹೊಸ ಪ್ಯಾಡನ್ನು ಪಳಗಿಸದೆ ಬೆಟ್ಟಕ್ಕೆ ಒಯ್ಯಬಾರದು. ಹಿರೇಕೊಳಲೆ ಕೆರೆಯ ದಾರಿಯಲ್ಲಿ ಒಂದು ಸಂಜೆ ಇಪ್ಪತ್ತೈದು ಸಲ ವೇಗ ಹಿಡಿದು, ಚಕ್ರ ಪೂರ್ತಿ ನಿಲ್ಲದಂತೆ ನಡಿಗೆಯ ವೇಗಕ್ಕೆ ಇಳಿಸಿದೆ. ಮೊದಲ ಐದಾರು ಸಲ ಹಿಡಿತವೇ ಇರಲಿಲ್ಲ. ಹದಿನೈದು ದಾಟಿದ ಮೇಲೆ ಕಚ್ಚತೊಡಗಿತು.

ಈ ವರ್ಷ ಪುನರ್ವಸು ಮಳೆಗೇ ಬೆಟ್ಟಕ್ಕೆ ಹೋದೆ. ಮಂಜು, ಗಾಳಿ, ರಸ್ತೆಯ ತುಂಬ ಕೆಮ್ಮಣ್ಣಿನ ನೀರು. ಧರೆಗೆ ಒರಗಿದ್ದ ಆ ತಿರುವಿನ ಮೊದಲೇ ಬ್ರೇಕ್ ಒತ್ತಿ ನೋಡಿದೆ. ಕಿರ್ ಅಂತ ಒಂದು ಸದ್ದು, ನೀರು ಹಾರಿತು, ಸೈಕಲ್ಲು ನಿಂತಿತು. ನಿಂತದ್ದು ತಿರುವಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗ. ಇಳಿಯುವಷ್ಟು ಹೊತ್ತೂ ಎರಡೇ ಬೆರಳು ಸಾಕಾಯಿತು. ಕೈಮರದಲ್ಲಿ ಕಾಫಿ ಲೋಟವನ್ನು ಅದೇ ಕೈಯಲ್ಲಿ ಹಿಡಿದು ಕುಡಿದೆ.

ಕ್ಯಾಲಿಪರಿನ ಜತೆ ಬಂದಿದ್ದ ರೆಸಿನ್ ಪ್ಯಾಡು ಮಳೆಗಾಲ ಮುಗಿಯುವವರೆಗೆ ಬಾಳಲಿಲ್ಲ. ಆಶ್ಲೇಷ ಮಳೆಯ ಹೊತ್ತಿಗೆ ಮುಂದಿನದು ಅರ್ಧ ಮಿಲಿಮೀಟರಿಗೆ ಬಂದಿತ್ತು, ಅದೇ ಕೊನೆಯ ಮಿತಿ. ಈಗ ಮೆಟಲ್ ಪ್ಯಾಡು ಹಾಕಿಸಿದ್ದೇನೆ. ಒದ್ದೆಯಾದಾಗ ಜೋರಾಗಿ ಕೂಗುತ್ತದೆ, ತೋಟದ ನಾಯಿಗಳೆಲ್ಲ ಎದ್ದು ಬೊಗಳುತ್ತವೆ, ಆದರೆ ಬೇಗ ಸವೆಯುವುದಿಲ್ಲ. ಹಾಕಿಸುವ ಮೊದಲು ಡಿಸ್ಕಿನ ಮೇಲೆ ರೆಸಿನ್ ಪ್ಯಾಡಿಗೆ ಮಾತ್ರ ಅಂತ ಕೊರೆದಿದೆಯೇ ನೋಡಿಕೊಳ್ಳಿ. ಅಗ್ಗದ ಡಿಸ್ಕುಗಳಲ್ಲಿ ಹಾಗೆ ಇರುತ್ತದೆ, ಮೆಟಲ್ ಪ್ಯಾಡು ಅದನ್ನು ತಿಂದುಹಾಕುತ್ತದೆ.

ಹಾಸನದ ಗೆಳತಿ ಈಗ ಚಾರ್ಮಾಡಿ ಇಳಿಯೋಣ ಅನ್ನುತ್ತಿದ್ದಾಳೆ, ಕೊಟ್ಟಿಗೆಹಾರದಿಂದ. ಹೊರಡುವ ಮೊದಲು ಅವಳ ಕೇಬಲ್ ಬ್ರೇಕನ್ನೂ ತಮ್ಮನಿಗೆ ತೋರಿಸಬೇಕು. ಅವನ ಅಂಗಡಿಯ ಕಪಾಟಿನಲ್ಲಿ ಡಾಟ್ ಡಬ್ಬಗಳಿಂದ ದೂರ, ಮೇಲಿನ ಸಾಲಿನಲ್ಲಿ, ಆ ಗುಲಾಬಿ ಎಣ್ಣೆಯ ಬಾಟಲಿ ಮತ್ತು ಒಂದು ಸಿರಿಂಜು ಇದೆ. ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ ಮಾರ್ಕರಿನಲ್ಲಿ ಬರೆದಿದ್ದಾನೆ: "ಅಕ್ಕನ ಸೈಕಲ್. ಬೇರೆದಕ್ಕೆ ಮುಟ್ಟಬೇಡಿ."